ತೋಟದ ಪಂಪಿಗೆ ಲುವಾ ಸಾಕಾಗುತ್ತಾ? ಫೋನಿಗೂ ಅದೇ ನಡೆಯುತ್ತಾ?

ಪ್ರಶ್ನೆ: ಸರ್, ನಮ್ಮದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಕೆಳಗೆ ಹಳ್ಳ ಇದೆ, ಅಲ್ಲಿ ತ್ರೀ ಫೇಸ್ ಪಂಪ್. ನೀರು ಮೇಲೆ ಮನೆ ಹತ್ತಿರದ ಟ್ಯಾಂಕಿಗೆ ಬಂದು ಅಲ್ಲಿಂದ ಸ್ಪ್ರಿಂಕ್ಲರ್‌ಗೆ ಹೋಗುತ್ತದೆ. ಪಂಪ್ ಶೆಡ್ಡಿಗೂ ಮನೆಗೂ ಸುಮಾರು 600 ಮೀಟರ್. ಪಂಪ್ ಹಾಕಲು, ಬಂದ್ ಮಾಡಲು ಅಪ್ಪಯ್ಯ ದಿನಾ ಇಳಿದು ಹತ್ತಬೇಕು. ಇದನ್ನೇ ಡಿಪ್ಲೊಮಾ ಪ್ರಾಜೆಕ್ಟ್ ಮಾಡೋಣ ಅಂತಿದ್ದೇನೆ. ನನಗೆ ಚೆನ್ನಾಗಿ ಬರುವ ಪ್ರೋಗ್ರಾಮಿಂಗ್ ಭಾಷೆ ಲುವಾ ಒಂದೇ. ಅದನ್ನೂ ರೋಬ್ಲಾಕ್ಸ್ ಅನ್ನುವ ಗೇಮ್ ತಾಣದಲ್ಲಿ ಆಟ ಮಾಡುತ್ತಾ ಕಲಿತದ್ದು. ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಇರುವ ಬೋರ್ಡಿನಲ್ಲಿ ಲುವಾ ನಡೆಯುತ್ತದೆ ಅಂತ ಓದಿದೆ. ಮೊಬೈಲ್ ಆ್ಯಪ್ ಕೂಡ ಅದರಲ್ಲೇ ಮಾಡಬಹುದಾ? "ಸಿ ಕಲಿ, ಇಲ್ಲಾ ಪೈಥಾನ್ ಕಲಿ, ಲುವಾ ಯಾರು ಕೇಳ್ತಾರೆ" ಅಂತ ಗೆಳೆಯರು ನಗುತ್ತಾರೆ. ಏನು ಮಾಡಲಿ?

ಉತ್ತರ: ನಗುವವರು ನಗಲಿ. ನಿಮ್ಮ ಕೆಲಸಕ್ಕೆ ಲುವಾ ಸಾಕು. ಆದರೆ ಇಡೀ ಕೆಲಸಕ್ಕಲ್ಲ. ಯಾವ ಭಾಗವನ್ನು ಲುವಾಕ್ಕೆ ಕೊಡಬೇಕು, ಯಾವುದನ್ನು ಅದರ ಕೈಗೆ ಕೊಡಲೇಬಾರದು ಅನ್ನೋದನ್ನು ಮೊದಲು ಗೆರೆ ಎಳೆದು ಇಟ್ಟುಕೊಳ್ಳಿ. ಭಾಷೆ ಯಾವುದು ಅನ್ನುವ ಜಗಳ ಆಮೇಲೆ ತಾನಾಗಿಯೇ ಸಣ್ಣದಾಗುತ್ತದೆ.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ತೈಲ ಕಂಪನಿ ಪೆಟ್ರೋಬ್ರಾಸ್‌ಗೆ ಕೆಲಸ ಮಾಡಿಕೊಡುತ್ತಿದ್ದ ತಂಡ ಅದು. ಬಳಸುವವರು ಎಂಜಿನಿಯರ್‌ಗಳು, ಪ್ರೋಗ್ರಾಮರ್‌ಗಳಲ್ಲ. ಹಾಗಾಗಿ ಭಾಷೆ ಚಿಕ್ಕದಾಗಿರಬೇಕಿತ್ತು, ಯಾವ ಯಂತ್ರಕ್ಕಾದರೂ ಹೊಂದಬೇಕಿತ್ತು, ಸಿ ಭಾಷೆಯಲ್ಲಿ ಬರೆದ ದೊಡ್ಡ ಪ್ರೋಗ್ರಾಮಿನ ಒಳಗೆ ಸುಮ್ನೆ ಕೂತು ಹೇಳಿದಷ್ಟು ಕೆಲಸ ಮಾಡಬೇಕಿತ್ತು. ಇವತ್ತಿಗೂ ಅದರ ಸ್ವಭಾವ ಹಾಗೇ ಇದೆ. ಹೆಸರು ಕೇಳದವರ ಮನೆಯಲ್ಲೂ ಅದು ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿದ ವೈಫೈ ರೂಟರ್‌ಗಳ ಸೆಟ್ಟಿಂಗ್ ಪುಟ ಬಹುಕಾಲ ಪೂರ್ತಿ ಲುವಾದಲ್ಲೇ ಇತ್ತು. ವಿಎಲ್‌ಸಿ ಪ್ಲೇಯರ್ ಒಳಗೂ ಲುವಾ ಇದೆ.

ನಿಮಗೆ ಹತ್ತಿರದ ಉದಾಹರಣೆ ಆರ್ಡುಪೈಲಟ್. ಡ್ರೋನ್ ಹಾರಿಸುವ ಮುಕ್ತ ತಂತ್ರಾಂಶ ಅದು. ಡ್ರೋನನ್ನು ಗಾಳಿಯಲ್ಲಿ ನಿಲ್ಲಿಸುವ ಕೆಲಸ ಪೂರ್ತಿ ಸಿ++ನಲ್ಲಿದೆ. "ಈ ಜಾಗಕ್ಕೆ ಬಂದಾಗ ಇದನ್ನು ತೆರೆ, ಬ್ಯಾಟರಿ ಇಷ್ಟಕ್ಕೆ ಇಳಿದರೆ ಹೀಗೆ ಮಾಡು" ಅನ್ನುವಂಥ, ಬಳಸುವವರು ತಮಗೆ ಬೇಕಾದಂತೆ ಬರೆದುಕೊಳ್ಳುವ ನಿಯಮಗಳಿಗೆ ಲುವಾ. ಆ ಲುವಾಕ್ಕೆ ಇಷ್ಟೇ ಮೆಮೊರಿ, ಇಷ್ಟೇ ಸಮಯ ಅಂತ ಬೇಲಿ ಹಾಕಿಟ್ಟಿದ್ದಾರೆ. ಸ್ಕ್ರಿಪ್ಟ್ ಕೆಟ್ಟರೆ ಸ್ಕ್ರಿಪ್ಟ್ ನಿಲ್ಲುತ್ತದೆ, ಡ್ರೋನ್ ಹಾರುತ್ತಲೇ ಇರುತ್ತದೆ. ನಿಮ್ಮ ಪಂಪಿಗೂ ಇದೇ ಲೆಕ್ಕ ಹಾಕಿ. ಲುವಾ ಕೆಟ್ಟ ದಿನ ಮೋಟಾರ್ ಸುಡಬಾರದು.

ಹಾಗಾದರೆ ಮೋಟಾರ್ ಕಾಯುವವರು ಯಾರು? ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಬಿಡಿಸುವ, ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ, ಒಂದು ಫೇಸ್ ಹೋದರೆ ಕಟ್ ಮಾಡುವ ಪ್ರಿವೆಂಟರ್, ನೀರಿಲ್ಲದೆ ಓಡಿದರೆ ನಿಲ್ಲಿಸುವ ಡ್ರೈ ರನ್ ಸಾಧನ. ಇವು ಮೂರೂ ಚಿಪ್ ಇಲ್ಲದೆಯೂ ತಮ್ಮ ಪಾಡಿಗೆ ಕೆಲಸ ಮಾಡಬೇಕು. ನಿಮ್ಮ ಬೋರ್ಡು ಸ್ಟಾರ್ಟ್, ಸ್ಟಾಪ್ ಬಟನ್ ಒತ್ತುವ ಬೆರಳಿನ ಜಾಗದಲ್ಲಿ ಮಾತ್ರ ಇರಲಿ. ಏಪ್ರಿಲ್, ಮೇನಲ್ಲಿ ಹಳ್ಳ ಇಳಿದು ಫುಟ್‌ವಾಲ್ವ್ ಗಾಳಿ ಎಳೆಯತೊಡಗಿದಾಗ ಅದನ್ನು ಲುವಾ ಗಮನಿಸಿ ನಿಲ್ಲಿಸಲಿ ಅಂತ ಕಾಯುವುದು ಜಾಣತನ ಅಲ್ಲ.

ಇಲ್ಲೇ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ನೀಲಿ ಡಬ್ಬಿಯ ರಿಲೇ ಮಾಡ್ಯೂಲ್ (ಚಿಪ್ ಹೇಳಿದಂತೆ ಆನ್, ಆಫ್ ಆಗುವ ಸ್ವಿಚ್) ಮೇಲೆ 250 ವೋಲ್ಟ್, 10 ಆಂಪಿಯರ್ ಅಂತ ಇರುತ್ತದೆ. ನಮ್ಮ ಕಡೆಯ ಬಹಳಷ್ಟು ಕೃಷಿ ಪಂಪ್ ಸ್ಟಾರ್ಟರ್‌ಗಳ ಕಾಯಿಲ್ 415 ವೋಲ್ಟಿನದು. ಆ ಕಾಯಿಲ್ ಲೈನನ್ನು ನೇರವಾಗಿ ಆ ರಿಲೇಗೆ ತರಬೇಡಿ. ಅಷ್ಟು ವೋಲ್ಟೇಜಿಗೆ ಯೋಗ್ಯವಾದ ಇನ್ನೊಂದು ಕಾಂಟಾಕ್ಟರ್, ಅಂದರೆ ಗಟ್ಟಿಯಾದ ವಿದ್ಯುತ್ ಸ್ವಿಚ್, ನಡುವೆ ಬೇಕು. ಆ ವೈರಿಂಗ್ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲೇ ಆಗಲಿ. ಯಾವ ಭಾಷೆಯಲ್ಲಿ ಕೋಡ್ ಬರೆದರೂ ಈ ಮಾತು ಬದಲಾಗುವುದಿಲ್ಲ.

ಈಗ ಚಿಪ್ಪಿಗೆ ಬರೋಣ. ಇಎಸ್‌ಪಿ8266ಗೆ ಹಾಕುವ ಲುವಾ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಕೂರುವ ಮೂಲ ತಂತ್ರಾಂಶ, ಅದರ ಹೆಸರು ನೋಡ್‌ಎಂಸಿಯು. 2014ರಿಂದ ಇದೆ. ಶುರುವಿನ ಭರಾಟೆ ಈಗಿಲ್ಲ, ಆದರೆ ಮಾಡಿಟ್ಟ ಕೆಲಸ ಗಟ್ಟಿಯಾಗಿದೆ. ಇದರ ದೊಡ್ಡ ಸುಖ ಏನು ಗೊತ್ತಾ? ಬೋರ್ಡು ಸಿಕ್ಕಿಸಿ ಒಂದು ಸಾಲು ಟೈಪ್ ಮಾಡಿದರೆ ಆ ಕ್ಷಣವೇ ರಿಲೇ ಟಕ್ ಅನ್ನುತ್ತದೆ. ಕಂಪೈಲ್ ಇಲ್ಲ, ಮತ್ತೆ ಫ್ಲ್ಯಾಶ್ ಮಾಡೋದಿಲ್ಲ. ಲ್ಯಾಪ್‌ಟಾಪ್ ಕೂಡ ಬೇಡ. ಆಂಡ್ರಾಯ್ಡ್ ಫೋನಿಗೆ ಒಟಿಜಿ ಕೇಬಲ್ ಹಾಕಿ, ಸೀರಿಯಲ್ ಟರ್ಮಿನಲ್ ಆ್ಯಪ್ ತೆರೆದರೆ ಶೆಡ್ಡಿನಲ್ಲೇ ನಿಂತು ನೋಡಬಹುದು. ಜುಲೈ ಮಳೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ತೋಟ ಇಳಿಯುವ ಪ್ರಸಂಗ ತಪ್ಪುತ್ತದೆ. "ಟ್ಯಾಂಕ್ ತುಂಬಿದ ಮೇಲೆ ಎರಡು ನಿಮಿಷ ಬಿಟ್ಟು ನಿಲ್ಲಿಸು" ಅಂತ ಇದ್ದದ್ದನ್ನು "ತಕ್ಷಣ ನಿಲ್ಲಿಸು" ಅಂತ ಬದಲಿಸಲು ಒಂದು ಫೈಲ್ ಬದಲಿಸಿದರೆ ಆಯ್ತು. ತೋಟದ ಕೆಲಸದಲ್ಲಿ ನಿಯಮ ಪದೇ ಪದೇ ಬದಲಾಗುತ್ತದೆ ಅಲ್ವಾ? ತ್ರೀ ಫೇಸ್ ಕರೆಂಟ್ ಬರುವ ಹೊತ್ತು ಬದಲಾದರೆ ನಿಯಮವೂ ಬದಲಾಗಬೇಕು. ಅಲ್ಲಿ ಲುವಾ ಸರಿಯಾದ ಜಾಗದಲ್ಲಿದೆ.

ಆದರೆ ನೀವು ಕಲಿತದ್ದು ರೋಬ್ಲಾಕ್ಸ್‌ನ ಲುವಾ. ಅದರ ಹೆಸರು ಲುವಾವ್. ಲುವಾ 5.1ರಿಂದ ಕವಲೊಡೆದು ಬೆಳೆದದ್ದು. ನೋಡ್‌ಎಂಸಿಯು ಕೂಡ ಮುಖ್ಯವಾಗಿ 5.1 ಮೇಲೇ ನಿಂತಿದೆ. ಹಾಗಾಗಿ ಮುಕ್ಕಾಲು ಪಾಲು ಒಂದೇ ಅನಿಸುತ್ತದೆ. ಕಷ್ಟ ಉಳಿದ ಕಾಲು ಪಾಲಿನಲ್ಲಿ. ಪ್ಲಸ್ ಮತ್ತು ಈಕ್ವಲ್ ಚಿಹ್ನೆ ಒಟ್ಟಿಗೆ ಬರೆದು ಬೆಲೆ ಏರಿಸುವ ರೂಢಿ ನಿಮಗಿರುತ್ತದೆ. ಚಿಪ್ಪಿನಲ್ಲಿ ಅದು ಎರರ್. ಲೂಪಿನಲ್ಲಿ ಮುಂದಿನ ಸುತ್ತಿಗೆ ಹಾರುವ ಕಂಟಿನ್ಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, "ಎರಡು ಸೆಕೆಂಡ್ ಕಾಯಿ" ಅನ್ನುವ ವೇಟ್ ಇಲ್ಲ. ಅದರಂತೆ ಕಾಣುವ ಡಿಲೇ ಒಂದಿದೆ. ಅದನ್ನು ಬಳಸಿದರೆ ಇಡೀ ಚಿಪ್ ಕಣ್ಣು ಮುಚ್ಚಿ ಕೂರುತ್ತದೆ, ವೈಫೈ ಕೂಡ ನಿಲ್ಲುತ್ತದೆ, ಹೆಚ್ಚು ಹೊತ್ತಾದರೆ ಕಾವಲು ಟೈಮರ್ ಬಂದು ರೀಸೆಟ್ ಮಾಡಿಬಿಡುತ್ತದೆ. ಇಲ್ಲಿ ಕಾಯುವ ಬದಲು ಟೈಮರ್ ಇಟ್ಟು ಕೆಲಸ ಬಿಟ್ಟುಕೊಡಬೇಕು. "ಎರಡು ಸೆಕೆಂಡ್ ಆದ ಮೇಲೆ ಈ ಫಂಕ್ಷನ್ ಕರೆ" ಅಂತ ಹೇಳಿ ಹೊರಗೆ ಬರುವುದು. ಒಂದೊಂದು ಫಂಕ್ಷನ್ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯಲಿ.

ಹೀಗೆ ಫಂಕ್ಷನ್ ಒಳಗೆ ಫಂಕ್ಷನ್ ಬರೆಯುತ್ತಾ ಹೋದರೆ ಕೋಡ್ ಓದಲು ಆಗದಂತಾಗುತ್ತದೆ. ಅದಕ್ಕೆ ಲುವಾದಲ್ಲೇ ಮದ್ದಿದೆ, ಕೊರೂಟೀನ್. ಪಂಪ್ ಹಾಕು, ಹತ್ತು ಸೆಕೆಂಡ್ ಬಿಡು, ನೀರು ಬಂತಾ ನೋಡು, ಬಾರದಿದ್ದರೆ ನಿಲ್ಲಿಸು. ಇದನ್ನು ಹೀಗೇ ಮೇಲಿಂದ ಕೆಳಗೆ ಬರೆಯಬಹುದು. ನಡುವೆ ಯೀಲ್ಡ್ ಮಾಡಿ ಬಿಟ್ಟುಕೊಡುವುದು, ಟೈಮರ್ ಬಂದು ಮತ್ತೆ ಎಬ್ಬಿಸುವುದು. ಈ ಸೌಲಭ್ಯ ಲುವಾದಲ್ಲಿ 2003ರಿಂದಲೇ ಇದೆ. ಸಿ ಭಾಷೆಯಲ್ಲಿ ಇದೇ ಕೆಲಸಕ್ಕೆ ಸ್ಟೇಟ್ ಮಷೀನ್ ಕಟ್ಟಬೇಕು, ಅಂದರೆ ಈಗ ಯಾವ ಹಂತದಲ್ಲಿದ್ದೇವೆ ಅನ್ನುವ ಲೆಕ್ಕವನ್ನು ನಾವೇ ಇಡಬೇಕು. ನನ್ನ ಮಟ್ಟಿಗೆ ಲುವಾ ಇಷ್ಟವಾಗುವುದು ಇದೊಂದೇ ಕಾರಣಕ್ಕೆ ಅಂದರೂ ತಪ್ಪಿಲ್ಲ.

ಇನ್ನೊಂದು ಹೊಂಡ ಇದೆ. ಸಿ ಬಲ್ಲವರು, ಪೈಥಾನ್ ಬಲ್ಲವರು ಬಹಳ ಜನ ಬೀಳುವುದು ಇದರಲ್ಲೇ. ಲುವಾದಲ್ಲಿ ಸುಳ್ಳು ಅಂದರೆ ಎರಡೇ: ನಿಲ್ ಮತ್ತು ಫಾಲ್ಸ್. ಸೊನ್ನೆ ಸುಳ್ಳಲ್ಲ, ನಿಜ. ಪಿನ್ ಓದಿದರೆ ಸಿಗುವುದು ಸೊನ್ನೆ ಅಥವಾ ಒಂದು. "ಫ್ಲೋಟ್ ಸ್ವಿಚ್ ಓದು, ನಿಜವಾದರೆ ಪಂಪ್ ಹಾಕು" ಅಂತ ಬರೆದಿರಿ ಅನ್ನಿ. ಪಿನ್ ಸೊನ್ನೆ ಇದ್ದರೂ ಒಂದಿದ್ದರೂ ಷರತ್ತು ನಿಜವೇ. ಟ್ಯಾಂಕ್ ತುಂಬಿ ಅಂಗಳಕ್ಕೆ ಹರಿದರೂ ಪಂಪ್ ನಿಲ್ಲುವುದಿಲ್ಲ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಪಂಪ್ ಆನ್ ಆಯಿತಾ ಅಂತ ಮಾತ್ರ ನೋಡಿ ಬಿಟ್ಟರೆ ಗೊತ್ತೇ ಆಗುವುದಿಲ್ಲ. "ಒಂದಕ್ಕೆ ಸಮವಾ" ಅಂತ ಬಾಯಿಬಿಟ್ಟು ಬರೆಯಿರಿ. ಹಾಗೇ, ಲೋಕಲ್ ಅಂತ ಹೇಳದ ಹೆಸರೆಲ್ಲ ಗ್ಲೋಬಲ್ ಆಗುತ್ತದೆ. ಸ್ಪೆಲ್ಲಿಂಗ್ ತಪ್ಪಿದರೆ ಎರರ್ ಬರುವುದಿಲ್ಲ, ಹೊಸ ವೇರಿಯಬಲ್ ಹುಟ್ಟುತ್ತದೆ.

ಬೋರ್ಡ್ ಶುರುವಾದ ಕೂಡಲೇ ಇನಿಟ್ ಅನ್ನುವ ಫೈಲ್ ತಾನಾಗಿ ಓಡುತ್ತದೆ. ಅದರಲ್ಲಿ ತಪ್ಪಿದ್ದರೆ ಚಿಪ್ ಬಿದ್ದು ಏಳುತ್ತದೆ, ಮತ್ತೆ ಅದೇ ಫೈಲ್ ಓಡಿಸುತ್ತದೆ, ಮತ್ತೆ ಬೀಳುತ್ತದೆ. ನಿಮಗೆ ಕೈ ಹಾಕಲು ಸಂದಿಯೇ ಸಿಗುವುದಿಲ್ಲ. ಆದ್ದರಿಂದ ಇನಿಟ್ ಫೈಲಿನಲ್ಲಿ ಐದು ಸೆಕೆಂಡಿನ ಒಂದು ಟೈಮರ್ ಬಿಟ್ಟು ಬೇರೇನೂ ಇಡಬೇಡಿ. ಐದು ಸೆಕೆಂಡ್ ಕಳೆದ ಮೇಲೆ ಅದು ನಿಜವಾದ ಕೋಡನ್ನು ಕರೆಯಲಿ. ಆ ಐದು ಸೆಕೆಂಡಿನಲ್ಲಿ ನೀವು ಟೈಮರ್ ನಿಲ್ಲಿಸಿ ಫೈಲ್ ಸರಿಮಾಡಬಹುದು. ರಿಲೇಯನ್ನು ಬೋರ್ಡಿನ ಡಿ1 ಅಥವಾ ಡಿ2ಗೆ ಹಾಕಿ, ಅಂದರೆ ಚಿಪ್ಪಿನ ಸ್ವಂತ ಪಿನ್ ಲೆಕ್ಕದಲ್ಲಿ ಜಿಪಿಐಒ 5 ಅಥವಾ 4. ಬೂಟ್ ಆಗುವಾಗ ಇವು ಸುಮ್ಮನಿರುತ್ತವೆ. ಡಿ3, ಡಿ4, ಡಿ8 ಮೂರನ್ನೂ ಬೂಟ್ ಆಗುವಾಗ ಚಿಪ್ ತನ್ನ ಕೆಲಸಕ್ಕೆ ನೋಡುತ್ತದೆ. ಅಲ್ಲಿ ರಿಲೇ ಕಟ್ಟಿದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಒಂದು ಬೇಡದ ಟಕ್ ಬರಬಹುದು. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮೆಮೊರಿ ವಿಚಾರ. ಇಎಸ್‌ಪಿ8266ರಲ್ಲಿ ಫರ್ಮ್‌ವೇರ್ ಎದ್ದು ಕೂತ ಮೇಲೆ ನಿಮಗೆ ಉಳಿಯುವುದು ಸುಮಾರು 40 ಕೆಬಿ. ಫರ್ಮ್‌ವೇರ್ ಕಟ್ಟುವಾಗ ಬೇಡದ ಮಾಡ್ಯೂಲ್ ಬಿಟ್ಟುಬಿಡಿ. ಲೂಪ್ ಒಳಗೆ ಸ್ಟ್ರಿಂಗಿಗೆ ಸ್ಟ್ರಿಂಗ್ ಅಂಟಿಸುತ್ತಾ ಹೋಗಬೇಡಿ. ಒಂದೊಂದು ಸಲವೂ ಹೊಸ ಸ್ಟ್ರಿಂಗ್ ಹುಟ್ಟಿ ಹಳೆಯದು ಕಸವಾಗುತ್ತದೆ. ಟೇಬಲ್‌ನಲ್ಲಿ ಕೂಡಿಟ್ಟು ಕೊನೆಗೆ ಒಂದೇ ಸಲ ಜೋಡಿಸಿ. ಸೆನ್ಸರ್ ರೀಡಿಂಗನ್ನು ಪ್ರತಿ ಸೆಕೆಂಡಿಗೆ ಫೈಲಿಗೆ ಬರೆಯುವ ಆಸೆಯೂ ಬೇಡ. ಫ್ಲ್ಯಾಶ್‌ನ ಒಂದೊಂದು ಭಾಗವನ್ನು ಅಳಿಸಿ ಬರೆಯಲು ಸಾಮಾನ್ಯವಾಗಿ ಒಂದು ಲಕ್ಷ ಸಲದ ಮಿತಿ ಇರುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕಲಿತರೆ ದಾಟಬಹುದಾದ ತೊಂದರೆ. ಕಲಿತರೂ ದಾಟಲಾಗದ್ದು ಒಂದಿದೆ, ಸಮಯ. ಟ್ಯಾಂಕಿನ ನೀರಿನ ಮಟ್ಟ ಅಳೆಯಲು ಅಲ್ಟ್ರಾಸಾನಿಕ್ ಸೆನ್ಸರ್ ಹಾಕುವುದು ಈಗ ರೂಢಿ. ಅದು ಶಬ್ದ ಕಳಿಸುತ್ತದೆ, ಶಬ್ದ ನೀರಿಗೆ ಬಡಿದು ವಾಪಸ್ ಬರುತ್ತದೆ, ಆ ಹೊತ್ತನ್ನು ನೀವು ಎಣಿಸಬೇಕು. ಒಂದು ಸೆಂಟಿಮೀಟರ್ ದೂರಕ್ಕೆ ಹೋಗಿ ಬರಲು 58 ಮೈಕ್ರೋಸೆಕೆಂಡ್. ಲುವಾ ಒಂದೊಂದು ಸೂಚನೆಯನ್ನು ಬಿಡಿಸಿ ನಡೆಸುವ ಭಾಷೆ. ನಡುವೆ ಕಸ ಗುಡಿಸಲು ನಿಲ್ಲುತ್ತದೆ, ವೈಫೈ ಕೂಡ ನಡುವೆ ತಲೆ ಹಾಕುತ್ತದೆ. ಎಣಿಕೆ ಎರಡು ಮಿಲಿಸೆಕೆಂಡ್ ತಪ್ಪಿದರೆ ಮಟ್ಟ 34 ಸೆಂಟಿಮೀಟರ್ ತಪ್ಪು ತೋರಿಸುತ್ತದೆ. ಟ್ಯಾಂಕೇ ಒಂದೂವರೆ ಮೀಟರ್ ಎತ್ತರ ಇದ್ದರೆ ಆ ಅಳತೆಗೆ ಅರ್ಥ ಏನು? ಇಂಥ ಕಡೆ ಸಿ ಬೇಕು. ಇಲ್ಲವೇ ಎಣಿಸುವ ಕೆಲಸ ತಾನೇ ಮಾಡಿಕೊಂಡು ಉತ್ತರವನ್ನು ಸೀರಿಯಲ್‌ನಲ್ಲಿ ಕಳಿಸುವ ಸೆನ್ಸರ್ ತರಬೇಕು. ಅಂಥವೂ ಸಿಗುತ್ತವೆ.

ನನ್ನನ್ನು ಕೇಳಿದರೆ ಅದೂ ಬೇಡ. ಎರಡು ಫ್ಲೋಟ್ ಸ್ವಿಚ್ ಹಾಕಿ, ಮೇಲೊಂದು, ಕೆಳಗೊಂದು. ಅಪ್ಪಯ್ಯನಿಗೆ ಬೇಕಾದದ್ದು ಟ್ಯಾಂಕ್ ತುಂಬಿತಾ, ಖಾಲಿ ಆಯ್ತಾ ಅಷ್ಟೇ. ಶೇಕಡಾ 63 ತುಂಬಿದೆ ಅಂತ ತೋರಿಸಿದರೆ ಪರೀಕ್ಷೆಗೆ ಬಂದವರಿಗೆ ಖುಷಿ ಆಗಬಹುದು, ತೋಟಕ್ಕೆ ಅದರಿಂದ ಏನೂ ಆಗುವುದಿಲ್ಲ.

ಟ್ಯಾಂಕ್ ಮೇಲೆ, ಪಂಪ್ ಕೆಳಗೆ. 600 ಮೀಟರ್ ಅಡಿಕೆ ತೋಟದ ಒಳಗೆ ವೈಫೈ ಹೋಗುವುದಿಲ್ಲ. ನೀರು ತುಂಬಿದ ಮರ, ಹಾಳೆ, ಸೋಗೆ ಎಲ್ಲ ಆ ಅಲೆಯನ್ನು ಕುಡಿದುಬಿಡುತ್ತವೆ. ವೈರ್ ಎಳೆಯಬಹುದು. ಆರ್‌ಎಸ್-485 ಅನ್ನುವ ಪದ್ಧತಿ 1200 ಮೀಟರ್‌ವರೆಗೂ ನಡೆಯುತ್ತದೆ. ಆದರೆ ಏಪ್ರಿಲ್ ಕೊನೆಯ ಸಿಡಿಲು ನೋಡಿದವರು ಅಷ್ಟುದ್ದದ ತಾಮ್ರದ ತಂತಿಯನ್ನು ಗುಡ್ಡದ ಮೇಲಿಂದ ಕೆಳಗೆ ಎಳೆಯಲು ಹೆದರುತ್ತಾರೆ. ನಾನಂತೂ ಎಳೆಯುವುದಿಲ್ಲ. ಉಳಿದದ್ದು ಪುಟ್ಟ ಸಂದೇಶವನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೋ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಇದಕ್ಕೆ ಬಳಸುವುದು 865ರಿಂದ 868 ಮೆಗಾಹರ್ಟ್ಸ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಕಾಣುವ ಬಹಳ ಮಾಡ್ಯೂಲ್‌ಗಳು 433ರವು. ಅವು ಬೇಡ. 868 ಅಂತ ಬರೆದಿರುವ, ಎಸ್‌ಎಕ್ಸ್1276 ಚಿಪ್ ಇರುವ ಮಾಡ್ಯೂಲ್ ತಂದು ಅದನ್ನು ನಮ್ಮ ಬ್ಯಾಂಡಿಗೆ ಇಳಿಸಿಕೊಳ್ಳಿ.

ಕಡಿಮೆ ಜನ ಬಳಸುವ ಭಾಷೆಯ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. ಇಂಥ ಬೋರ್ಡುಗಳಿಗೆ ಸಿ++ನಲ್ಲಿ ಕೋಡ್ ಬರೆಯುವ ಆರ್ಡುಯಿನೊದಲ್ಲಿ ಲೋರಾ ಲೈಬ್ರರಿ ಸಿದ್ಧವಾಗಿ ಸಿಗುತ್ತದೆ, ಹತ್ತು ಸಾಲಿನಲ್ಲಿ ಕೆಲಸ ಆಗುತ್ತದೆ. ನೋಡ್‌ಎಂಸಿಯು ಲುವಾದಲ್ಲಿ ಅದು ಇಲ್ಲ. ಸೆನ್ಸರ್ ಮಾಡುವ ಕಂಪನಿ ಉದಾಹರಣೆ ಕೊಡುವುದು ಸಿಯಲ್ಲಿ. ಯೂಟ್ಯೂಬ್‌ನಲ್ಲಿ ತೋರಿಸುವುದು ಆರ್ಡುಯಿನೊ, ಅದು ಬಿಟ್ಟರೆ ಚಿಪ್ಪಿಗೆ ಹೊಂದಿಸಿದ ಪೈಥಾನ್ ಆದ ಮೈಕ್ರೋಪೈಥಾನ್. ನೀವು ಡೇಟಾಶೀಟ್ ಓದಿ, ಎಸ್‌ಪಿಐ ಅನ್ನುವ ತಂತಿಗಳ ಮೂಲಕ ರೇಡಿಯೋ ಚಿಪ್ಪಿನ ಒಂದೊಂದು ರೆಜಿಸ್ಟರ್ (ಸೆಟ್ಟಿಂಗ್ ಇಡುವ ಮನೆ) ಬರೆದು, ನೀವೇ ಎಬ್ಬಿಸಬೇಕು. ಪ್ರಾಜೆಕ್ಟ್‌ಗೆ ಒಂದು ತಿಂಗಳು ಮಾತ್ರ ಉಳಿದಿದ್ದರೆ ಈ ಭಾಗದಲ್ಲಿ ಹಠ ಬೇಡ, ಆರ್ಡುಯಿನೊಗೆ ಹೋಗಿ.

ಸಮಯ ಇದ್ದರೆ ಮಾತ್ರ ಇದು ಮಜಾ ಇರುವ ಕೆಲಸ. ಮೊದಲು ಹೆಕ್ಸ್ (ಹದಿನಾರರ ಎಣಿಕೆ) 42 ಅನ್ನುವ ರೆಜಿಸ್ಟರ್ ವಿಳಾಸ ಓದಿ. ಹೆಕ್ಸ್ 12 ಬಂದರೆ ನಿಮ್ಮ ವೈರ್ ಸರಿ ಇದೆ, ಚಿಪ್ ಜೀವಂತ ಇದೆ. ಸೊನ್ನೆಯೋ ಎಫ್‌ಎಫ್ ಅಂತಲೋ ಬಂದರೆ ಮುಂದೆ ಹೋಗಬೇಡಿ, ವೈರ್ ನೋಡಿ. ಆಮೇಲೆ ಫ್ರೀಕ್ವೆನ್ಸಿ. 32 ಮೆಗಾಹರ್ಟ್ಸನ್ನು 2ರ 19ನೇ ಘಾತದಿಂದ ಭಾಗಿಸಿದರೆ ಒಂದು ಹೆಜ್ಜೆ ಎಷ್ಟು ಅಂತ ಸಿಗುತ್ತದೆ, ಸುಮಾರು 61 ಹರ್ಟ್ಸ್. 866 ಮೆಗಾಹರ್ಟ್ಸ್ ಬೇಕಾದರೆ ಅಂಥ 1,41,88,544 ಹೆಜ್ಜೆ. ಹೆಕ್ಸ್‌ನಲ್ಲಿ ಡಿ8, 80, 00. ಈ ಮೂರು ಬೈಟನ್ನು 06, 07, 08ನೇ ವಿಳಾಸಕ್ಕೆ ಬರೆದರೆ ರೇಡಿಯೋ ಅಲ್ಲಿಗೆ ಬಂದು ನಿಲ್ಲುತ್ತದೆ. ಇದನ್ನೆಲ್ಲ ಲುವಾ ಕನ್ಸೋಲಿನಲ್ಲಿ ಒಂದೊಂದೇ ಸಾಲು ಟೈಪ್ ಮಾಡುತ್ತಾ, ಉತ್ತರ ನೋಡುತ್ತಾ ಮಾಡಬಹುದು. ಸಿಯಲ್ಲಿ ಪ್ರತಿ ಸಲ ಕಂಪೈಲ್ ಮಾಡಿ ಹಾಕಿ ನೋಡಬೇಕು. ಲೈಬ್ರರಿ ಇಲ್ಲದ ಭಾಷೆಯೇ ಹೊಸ ಚಿಪ್ಪಿನ ಪರಿಚಯ ಮಾಡಿಕೊಳ್ಳಲು ಸುಲಭ, ಇದೊಂದು ವಿಚಿತ್ರ.

ಲೋರಾ ಮಾತು ಬೇಕಾದಷ್ಟೇ ಇರಲಿ. ಟ್ಯಾಂಕ್ ಹತ್ತಿರದ ಮೇಲಿನ ಡಬ್ಬಿ ನಿಮಿಷಕ್ಕೊಮ್ಮೆ "ನೀರು ಬೇಕು" ಅಥವಾ "ಸಾಕು" ಅಂತ ಹೇಳಲಿ. ಪಂಪ್ ಶೆಡ್ಡಿನಲ್ಲಿರುವ ಕೆಳಗಿನ ಡಬ್ಬಿಗೆ ಐದು ನಿಮಿಷ ಏನೂ ಕೇಳಿಸದಿದ್ದರೆ ತಾನೇ ಪಂಪ್ ನಿಲ್ಲಿಸಲಿ. ಸುದ್ದಿ ಇಲ್ಲ ಅಂದರೆ ನಿಲ್ಲಿಸು, ಇದು ನಿಮ್ಮ ಕೋಡಿನ ಮೊದಲ ನಿಯಮ. ಪಕ್ಕದ ತೋಟದವರೂ ನಾಳೆ ಇಂಥದ್ದೇ ಹಾಕಿಸಬಹುದು, ಹಾಗಾಗಿ ಸಂದೇಶದಲ್ಲಿ ನಿಮ್ಮದೇ ಒಂದು ಗುರುತಿನ ನಂಬರ್ ಇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಆ್ಯಪ್. ಲುವಾದಲ್ಲಿ ಮೊಬೈಲ್ ಆ್ಯಪ್ ಖಂಡಿತ ಆಗುತ್ತದೆ. ಸೋಲಾರ್2ಡಿ ಇದೆ, ಮೊದಲು ಕೊರೋನಾ ಅಂತ ಹೆಸರಿತ್ತು, 2020ರಲ್ಲಿ ಈ ಹೆಸರು ಬಂತು, ಈಗ ಮುಕ್ತ ತಂತ್ರಾಂಶ. ಡೆಫೋಲ್ಡ್ ಇದೆ, ಲವ್ ಇದೆ. ಇವೆಲ್ಲ ಮುಖ್ಯವಾಗಿ ಆಟಕ್ಕೆ ಮಾಡಿದವು. ಬಟನ್, ಪಟ್ಟಿ, ನೋಟಿಫಿಕೇಶನ್ ಅಂತ ಶುರು ಮಾಡಿದರೆ ಕೈ ಕಟ್ಟಿದಂತಾಗುತ್ತದೆ. ಐಫೋನಿನಲ್ಲಿ 2010ರಲ್ಲಿ ಆ್ಯಪಲ್ ಕೆಲವೇ ಭಾಷೆಗಳಿಗೆ ಮಾತ್ರ ಒಪ್ಪಿಗೆ ಅಂತ ನಿಯಮ ತಂದು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಡಿಲ ಮಾಡಿತು. ಈಗ ಭಾಷೆಗೆ ತಕರಾರಿಲ್ಲ. ಆದರೆ ಕಟ್ಟಲು ಮ್ಯಾಕ್ ಬೇಕು, ಅಂಗಡಿಗೆ ಹಾಕಲು ವರ್ಷಕ್ಕೆ 99 ಡಾಲರ್ ಬೇಕು. ಆಂಡ್ರಾಯ್ಡ್‌ನ ಪ್ಲೇ ಸ್ಟೋರ್‌ಗೆ ಒಮ್ಮೆ 25 ಡಾಲರ್ ಕೊಟ್ಟರೆ ಸಾಕು. ಅಲ್ಲೂ ಪ್ರತಿ ವರ್ಷ ಹೊಸ ಆಂಡ್ರಾಯ್ಡ್ ಆವೃತ್ತಿಗೆ ಹೊಂದಿಸು ಅನ್ನುತ್ತಾರೆ. ನೀವು ಬಳಸಿದ ಎಂಜಿನ್ ಆ ಓಟಕ್ಕೆ ಹೊಂದಿಕೊಳ್ಳದಿದ್ದರೆ ನಿಮ್ಮ ಆ್ಯಪ್ ಅಲ್ಲೇ ನಿಲ್ಲುತ್ತದೆ. ಕಡಿಮೆ ಬಳಕೆಯ ಭಾಷೆಗೆ ಚಿಪ್ಪಿಗಿಂತ ಫೋನಿನಲ್ಲೇ ಅಪಾಯ ಜಾಸ್ತಿ ಅನ್ನುವುದು ಇದಕ್ಕೇ. ಶೆಡ್ಡಿನ ಚಿಪ್ ಹತ್ತು ವರ್ಷ ಹಾಗೇ ಇರುತ್ತದೆ. ಫೋನು ನಿಮ್ಮನ್ನು ಕೇಳದೆ ಬದಲಾಗುತ್ತಾ ಹೋಗುತ್ತದೆ.

ಕನ್ನಡದ್ದೂ ಒಂದು ತೊಡಕಿದೆ. ಹಲವು ಆಟದ ಎಂಜಿನ್‌ಗಳು ಅಕ್ಷರವನ್ನು ಒಂದರ ಪಕ್ಕ ಒಂದು ಇಟ್ಟುಕೊಂಡು ಹೋಗುತ್ತವೆ. ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಕೊಂಬು ಬೇರೆ ಬೀಳುತ್ತದೆ. ಬಳಸುವ ಮುಂಚೆ "ಟ್ಯಾಂಕ್ ತುಂಬುತ್ತಿದೆ" ಅಂತ ಒಂದು ಸಾಲು ಬರೆದು ನೋಡಿ, ಅಲ್ಲೇ ಗೊತ್ತಾಗುತ್ತದೆ. ಫೋನಿನ ಸ್ವಂತ ಅಕ್ಷರ ವ್ಯವಸ್ಥೆಯನ್ನೇ ಬಳಸುವ ಸೋಲಾರ್2ಡಿಗೆ ಈ ತೊಂದರೆ ಕಡಿಮೆ. ಲುವಾ ಭಾಷೆಗೆ ಸ್ಟ್ರಿಂಗ್ ಅಂದರೆ ಬರೀ ಬೈಟ್‌ಗಳ ಸಾಲು. "ನೀರು" ಅನ್ನುವ ಮಾತಿನ ಉದ್ದ ಕೇಳಿದರೆ 12 ಅನ್ನುತ್ತದೆ. ಅದರಲ್ಲಿ ನಾಲ್ಕು ಯೂನಿಕೋಡ್ ಗುರುತುಗಳಿವೆ, ಒಂದೊಂದಕ್ಕೂ ಮೂರು ಬೈಟ್. ಉದ್ದ ನೋಡಿ ಸಾಲು ಕತ್ತರಿಸಿದರೆ ಅಕ್ಷರದ ಮಧ್ಯವೇ ಕತ್ತರಿ ಬೀಳುತ್ತದೆ. ಬೈಟ್ ಬದಲು ಗುರುತುಗಳನ್ನು ಎಣಿಸಲು ನೆರವಾಗುವ ಯುಟಿಎಫ್-8 ಲೈಬ್ರರಿ ಬಂದದ್ದು ಲುವಾ 5.3ರಲ್ಲಿ. 5.1ರಲ್ಲಿ ಅದಿಲ್ಲ.

ಇಷ್ಟೆಲ್ಲ ಹೇಳಿ ನಾನು ಹೇಳುವುದು: ಆ್ಯಪ್ ಮಾಡಬೇಡಿ. ಅಪ್ಪಯ್ಯನ ಕೈಯಲ್ಲಿರುವ ಫೋನ್ ಯಾವುದು? ಕೀಪ್ಯಾಡ್ ಫೋನಾದರೂ ಮಿಸ್ಡ್ ಕಾಲ್ ಕೊಡುತ್ತದೆ ಅಲ್ವಾ? ಮನೆ ಕಡೆಯ ಡಬ್ಬಿಯಲ್ಲಿ ಒಂದು ಸಿಮ್ ಮಾಡ್ಯೂಲ್ ಇಡಿ. ಅಪ್ಪಯ್ಯ ಅದಕ್ಕೆ ರಿಂಗ್ ಕೊಡಲಿ. ಬಂದ ನಂಬರ್ ಯಾರದು ಅಂತ ಮಾಡ್ಯೂಲ್ ಹೇಳುತ್ತದೆ. ಅಪ್ಪಯ್ಯನದಾದರೆ ಕಾಲ್ ಕಟ್ ಮಾಡಿ ಪಂಪ್ ಶುರು ಮಾಡುವುದು, ಬೇರೆಯವರದಾದರೆ ಸುಮ್ಮನಿರುವುದು. ಪಂಪ್ ನಿಂತಾಗ ಡಬ್ಬಿಯೇ ಅಪ್ಪಯ್ಯನಿಗೆ ಮಿಸ್ಡ್ ಕಾಲ್ ಕೊಡಲಿ. ಇಂಟರ್‌ನೆಟ್ ಬೇಡ, ಮಿಸ್ಡ್ ಕಾಲಿಗೆ ಖರ್ಚಿಲ್ಲ, ಫೋನ್ ನಿದ್ದೆಯಲ್ಲಿದ್ದರೂ ರಿಂಗ್ ಆಗುತ್ತದೆ. ಆ್ಯಪ್ ಆಗಿದ್ದರೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಅದನ್ನು ಮಲಗಿಸಿ, ನೋಟಿಫಿಕೇಶನ್ ಒಂದು ಗಂಟೆ ತಡವಾಗಿ ಬರುವ ಸಾಧ್ಯತೆ ಇರುತ್ತಿತ್ತು. ಎಸ್‌ಎಂಎಸ್ ಬೇಕೇ ಬೇಕು ಅಂದರೆ ನೆನಪಿಡಿ, ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜಿಗೆ 160 ಗುರುತು, ಕನ್ನಡದಲ್ಲಿ 70.

ಸಿಮ್ ಮಾಡ್ಯೂಲ್ ಕೊಳ್ಳುವಾಗ ನೋಡಿ ಕೊಳ್ಳಿ. ಎಲ್ಲೆಡೆ ಸಿಗುವ ಸಿಮ್800ಎಲ್ 2ಜಿ ಮಾತ್ರ. ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ, ಅವರಲ್ಲಿ 2ಜಿ ಇಲ್ಲ. ನಿಮ್ಮ ಮನೆಗೆ ಯಾವ ಕಂಪನಿಯ ಯಾವ ಸಿಗ್ನಲ್ ಬರುತ್ತದೆ ನೋಡಿಯೇ ಆರಿಸಿ. ಸಿಮ್800ಎಲ್ ಕರೆ ಮಾಡುವ ಕ್ಷಣದಲ್ಲಿ ಎರಡು ಆಂಪಿಯರ್‌ವರೆಗೆ ಎಳೆಯುತ್ತದೆ. ಬೋರ್ಡಿನ 3.3 ವೋಲ್ಟ್ ಪಿನ್ನಿಂದ ಕೊಟ್ಟರೆ ಪ್ರತಿ ಕರೆಗೂ ಎಲ್ಲ ರೀಸೆಟ್ ಆಗುತ್ತದೆ. ಜನ ಇದನ್ನು ಕೋಡಿನ ತಪ್ಪು ಅಂತ ವಾರಗಟ್ಟಲೆ ಹುಡುಕುತ್ತಾರೆ. ಬೇರೆ ಪವರ್ ಸಪ್ಲೈ, ದೊಡ್ಡ ಕೆಪಾಸಿಟರ್ ಹಾಕಿ. ಇಎಸ್‌ಪಿ8266ರಲ್ಲಿ ಪೂರ್ತಿ ಸೀರಿಯಲ್ ಪೋರ್ಟ್ ಒಂದೇ, ಅದನ್ನೂ ಕನ್ಸೋಲ್ ಹಿಡಿದುಕೊಂಡಿರುತ್ತದೆ. ಆದ್ದರಿಂದ ಸಿಮ್ ಇರುವ ಡಬ್ಬಿಗೆ ಮೂರು ಪೋರ್ಟ್ ಇರುವ ಇಎಸ್‌ಪಿ32 ತನ್ನಿ. ಅದಕ್ಕೂ ನೋಡ್‌ಎಂಸಿಯು ಇದೆ. ಆದರೆ ಪಿನ್ ನಂಬರ್ ಲೆಕ್ಕ ಬೇರೆ. 8266ರಲ್ಲಿ 1 ಅಂದರೆ ಜಿಪಿಐಒ 5. 32ರಲ್ಲಿ 5 ಅಂದರೆ 5 ಅಷ್ಟೇ. ಒಂದರ ಕೋಡನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ.

ಪ್ರಾಜೆಕ್ಟ್‌ಗೆ ಪರದೆ ಮೇಲೆ ಏನಾದರೂ ತೋರಿಸಲೇಬೇಕು ಅಂದರೆ ಒಂದು ವೆಬ್ ಪುಟ ಸಾಕು. ಚಿಪ್ ತಾನೇ ವೈಫೈ ಹಾಟ್‌ಸ್ಪಾಟ್ ಆಗಲಿ, ಫೋನಿನ ಬ್ರೌಸರಿನಲ್ಲಿ 192.168.4.1 ಅಂತ ಹೊಡೆದರೆ ಪುಟ ಬರಲಿ. ಬ್ರೌಸರಿನಲ್ಲಿ ಕನ್ನಡ ಒತ್ತಕ್ಷರದ ಚಿಂತೆಯೂ ಇಲ್ಲ. ಆಂಡ್ರಾಯ್ಡ್ ಮಾತ್ರ "ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ" ಅಂತ ಗೊಣಗಿ ಮೊಬೈಲ್ ಡೇಟಾಕ್ಕೆ ಹಾರುತ್ತದೆ. ಪರೀಕ್ಷಕರ ಮುಂದೆ ಹಾಗಾಗದಂತೆ ಮೊದಲೇ ಡೇಟಾ ಬಂದ್ ಮಾಡಿಟ್ಟುಕೊಳ್ಳಿ.

ಡಬ್ಬಿಯ ವಿಚಾರ ಎರಡೇ ಮಾತು. ನಾನು ಕಾರವಾರದಲ್ಲಿ ಇರುವವನು, ಇಲ್ಲಿ ಉಪ್ಪು ಗಾಳಿಗೆ ಬೋರ್ಡಿನ ತಾಮ್ರ ಒಂದು ಮಳೆಗಾಲದಲ್ಲೇ ಹಸಿರಾಗುತ್ತದೆ. ಘಟ್ಟದ ಮೇಲೆ ಉಪ್ಪಿಲ್ಲ, ಥಂಡಿ ಇದೆ, ಇರುವೆ ಇದೆ, ಸ್ಟಾರ್ಟರ್ ಒಳಗೆ ಮಲಗುವ ಹಲ್ಲಿ ಇದೆ. ಪರೀಕ್ಷೆ ಎಲ್ಲ ಮುಗಿದ ಮೇಲೆ ಬೋರ್ಡಿಗೆ ಕೋಟಿಂಗ್ ಸ್ಪ್ರೇ ಹೊಡೆಯಿರಿ, ವೈರ್ ಬರುವ ತೂತುಗಳಿಗೆ ರಬ್ಬರ್ ಗ್ಲ್ಯಾಂಡ್ ಹಾಕಿ, ತೂತು ಡಬ್ಬಿಯ ಕೆಳಬದಿಗೇ ಇರಲಿ.

ಇನ್ನು ಸಿ ಕಲಿಯಬೇಕಾ ಅನ್ನುವುದು. ಕಲಿಯಿರಿ, ಆದರೆ ಲುವಾ ಬಿಟ್ಟು ಅಲ್ಲ. ಕೆಲಸ ಹುಡುಕುವಾಗ ಎಂಬೆಡೆಡ್ (ಯಂತ್ರದೊಳಗಿನ ಚಿಪ್ಪಿಗೆ ಕೋಡ್ ಬರೆಯುವ) ಕಂಪನಿಗಳು ಕೇಳುವುದು ಸಿಯನ್ನೇ, ಅದರಲ್ಲಿ ನಿಮ್ಮ ಗೆಳೆಯರು ಹೇಳಿದ್ದು ಸರಿ. ಮೈಕ್ರೋಪೈಥಾನ್‌ಗೆ ಜನಬಲ ಹೆಚ್ಚು, ಲೈಬ್ರರಿ ಹೆಚ್ಚು. ನಿಮಗೆ ಏನೂ ಬಾರದಿದ್ದರೆ ಅದನ್ನೇ ಹೇಳುತ್ತಿದ್ದೆ. ಈಗ ಲುವಾ ಕೈಯಲ್ಲಿದೆ, ಮತ್ತು ಅದರಿಂದ ಸಿಗೆ ಹೋಗುವ ದಾರಿ ಹತ್ತಿರದ್ದು. ಲುವಾದ ಇಡೀ ಮೂಲ ಕೋಡ್ ಸುಮಾರು 30 ಸಾವಿರ ಸಾಲಿನ ಸಿ, ಓದಿ ಮುಗಿಸಬಹುದಾದಷ್ಟು. ಸಿಯಲ್ಲಿ ಬರೆದ ಫಂಕ್ಷನ್ನನ್ನು ಲುವಾಕ್ಕೆ ಕೊಡುವ ಕ್ರಮವೂ ಸರಳ: ಲುವಾ ಒಂದು ಸ್ಟ್ಯಾಕ್ ಮೇಲೆ ಬೆಲೆ ಇಡುತ್ತದೆ, ಸಿ ಅದನ್ನು ತೆಗೆದುಕೊಳ್ಳುತ್ತದೆ, ಉತ್ತರವನ್ನು ಸ್ಟ್ಯಾಕ್ ಮೇಲಿಟ್ಟು ಎಷ್ಟು ಉತ್ತರ ಇಟ್ಟೆ ಅಂತ ಹೇಳುತ್ತದೆ. ಮೊದಲು ಇಡೀ ಲೋರಾ ಭಾಗವನ್ನು ಲುವಾದಲ್ಲೇ ಬರೆಯಿರಿ. ಕೆಲಸ ಮಾಡತೊಡಗಿದ ಮೇಲೆ ರೆಜಿಸ್ಟರ್ ಓದುವ, ಬರೆಯುವ ಎರಡು ಫಂಕ್ಷನ್ ಮಾತ್ರ ಸಿಗೆ ಇಳಿಸಿ, ಫರ್ಮ್‌ವೇರ್ ಜೊತೆ ಕಟ್ಟಿ. ಪ್ರಾಜೆಕ್ಟ್ ವರದಿಯಲ್ಲಿ ಎರಡರ ವೇಗವನ್ನೂ ಅಳೆದು ಪಕ್ಕಪಕ್ಕ ಹಾಕಿ. ಮೊದಲ ಬಾರಿ ತೋಟಕ್ಕೆ ಇಳಿಸುವಾಗ ರಿಲೇಗೆ ಸ್ಟಾರ್ಟರಿನ ಬದಲು ಒಂದು ಬಲ್ಬ್ ಕಟ್ಟಿ ವಾರ ಬಿಡಿ. ರಾತ್ರಿ ಮೂರಕ್ಕೆ ಅದು ತಾನಾಗಿ ಹೊತ್ತಿಕೊಂಡರೆ ಮನೆಯಿಂದಲೇ ಕಾಣುತ್ತದೆ.